ಹೊಸದಾಗಿ ಹಾಸಿದ ಹುಲ್ಲುಹಾಸಿಗೆ ಮೊದಲ ಕತ್ತರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು, ಮೈಸೂರು, ತುಮಕೂರಿನಂಥ ಒಳನಾಡಿನ ಊರುಗಳಲ್ಲಿ ಮನೆಯ ಮುಂದಿನ ಇನ್ನೂರು ಮುನ್ನೂರು ಚದರ ಅಡಿ ಜಾಗಕ್ಕೆ ನರ್ಸರಿಯಿಂದ ಹುಲ್ಲಿನ ಚಾಪೆ ತಂದು ಹಾಸಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. ನರ್ಸರಿಯವರು ಮ್ಯಾಟ್ ಎಂದೋ ಕಾರ್ಪೆಟ್ ಎಂದೋ ಕರೆಯುವುದನ್ನೇ ಇಲ್ಲಿ ಚಾಪೆ ಎಂದಿದೆ. ಕರಾವಳಿಯವರಿಗೂ ಉತ್ತರ ಕರ್ನಾಟಕದವರಿಗೂ ಮಾತು ಬೇರೆಯಾಗುವ ಕಡೆ ಹಾಗೆಂದು ತಿಳಿಸಲಾಗಿದೆ.

ಹಾಸಿದ ಎಷ್ಟನೆಯ ದಿನಕ್ಕೆ ಮೊದಲ ಬಾರಿ ಕತ್ತರಿಸಬೇಕು?

ದಿನದ ಲೆಕ್ಕ ಕೇಳುವವರೇ ಹೆಚ್ಚು, ಆದ್ದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇವೆ. ಬಿಸಿಲು ಚೆನ್ನಾಗಿರುವ ಕಾಲದಲ್ಲಿ ಬರ್ಮುಡಾ ಜಾತಿಯ ಹುಲ್ಲಿಗೆ ಸುಮಾರು ಎರಡು ವಾರ, ಬಫಲೋ ಹುಲ್ಲಿಗೆ ಎರಡರಿಂದ ಮೂರು ವಾರ, ನಮ್ಮಲ್ಲಿ ಮೆಕ್ಸಿಕನ್ ಎಂದು ಮಾರುವ ಹುಲ್ಲಿಗೆ ಮೂರರಿಂದ ನಾಲ್ಕು ವಾರ ಬೇಕು. ಡಿಸೆಂಬರ್, ಜನವರಿಯ ಚಳಿಯಲ್ಲಿ ಹಾಸಿದ ಮೆಕ್ಸಿಕನ್ ಹುಲ್ಲು ಆರು ವಾರವಾದರೂ ಸಿದ್ಧವಾಗದೆ ಇರಬಹುದು. ಆದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಆ ದಿನವೇ ಯಂತ್ರ ಹೊರತೆಗೆಯುವುದು ಸರಿಯಾದ ಕ್ರಮವಲ್ಲ. ಎರಡು ಸಂಗತಿಗಳು ಕೂಡಿಬರಬೇಕು: ಚಾಪೆಯ ಬೇರು ಕೆಳಗಿನ ಮಣ್ಣನ್ನು ಹಿಡಿದಿರಬೇಕು, ಹುಲ್ಲು ತನ್ನ ಕತ್ತರಿಸುವ ಎತ್ತರವನ್ನು ಮುಟ್ಟಿರಬೇಕು. ಮೊದಲನೆಯದು ಆಗದೆ ಎರಡನೆಯದು ಆದರೆ ಕಾಯಬೇಕು. ಬೇರು ಹಿಡಿಯದ ಚಾಪೆಯ ಮೇಲೆ ಯಂತ್ರ ಓಡಿಸುವುದಕ್ಕಿಂತ ಹುಲ್ಲು ಒಂದೆರಡು ಸೆಂಟಿಮೀಟರ್ ಹೆಚ್ಚು ಬೆಳೆದಿರುವುದೇ ಮೇಲು.

ಬೇರು ಹಿಡಿದಿದೆ ಎಂದು ತಿಳಿಯುವುದು ಹೇಗೆ?

ಯಾವುದಾದರೂ ಒಂದು ಚಾಪೆಯ ಮೂಲೆಯಲ್ಲಿ ಹುಲ್ಲನ್ನು ಬುಡದ ಹತ್ತಿರ ಬೆರಳುಗಳಿಂದ ಹಿಡಿದು, ಮಗುವಿನ ಜುಟ್ಟು ಎಳೆದಷ್ಟೇ ಮೆತ್ತಗೆ ಮೇಲಕ್ಕೆ ಎಳೆದು ನೋಡಿ. ದೋಸೆಯ ಅಂಚು ಕಾವಲಿಯಿಂದ ಎದ್ದ ಹಾಗೆ ಮೂಲೆ ಸಲೀಸಾಗಿ ಎದ್ದರೆ ಇನ್ನೂ ಕಾಲ ಬಂದಿಲ್ಲ. ಎದ್ದ ಮೂಲೆಯ ಕೆಳಗೆ ಬಗ್ಗಿ ನೋಡಿದರೆ ಇನ್ನಷ್ಟು ತಿಳಿಯುತ್ತದೆ. ಚಾಪೆಯ ಅಡಿಯ ಮಣ್ಣಿನಿಂದ ನೂಲಿನಂಥ ಬಿಳಿ ಬೇರುಗಳು ಅರ್ಧ ಅಂಗುಲದಷ್ಟು ಇಣುಕಿದ್ದರೆ ಕೆಲಸ ಆರಂಭವಾಗಿದೆ ಎಂದು ಅರ್ಥ, ಇನ್ನೊಂದು ವಾರ ಕೊಡಿ. ಬೇರು ಕಂದು ಬಣ್ಣಕ್ಕೆ ತಿರುಗಿ, ಮಣ್ಣಿನಿಂದ ಕೊಳೆತ ವಾಸನೆ ಬರುತ್ತಿದ್ದರೆ ನೀರು ಹೆಚ್ಚಾಗಿದೆ. ಬೇರೇ ಕಾಣದೆ ಕೆಳಗಿನ ಮಣ್ಣು ಪುಡಿಪುಡಿಯಾಗಿ ಒಣಗಿದ್ದರೆ ಮೇಲೆ ಹಾಕಿದ ನೀರು ಚಾಪೆಯನ್ನು ದಾಟಿ ಇಳಿದೇ ಇಲ್ಲ. ನೋಡಿದ ಮೇಲೆ ಮೂಲೆಯನ್ನು ಹಾಗೆಯೇ ಬಿಡದೆ, ಕೆಳಗೆ ಗಾಳಿ ಉಳಿಯದಂತೆ ಅಂಗೈಯಿಂದ ಒತ್ತಿ ಕೂರಿಸಬೇಕು.

ಎಳೆದರೂ ಮೂಲೆ ಏಳದೆ ಹುಲ್ಲಿನ ಎಸಳೇ ಕಿತ್ತು ಕೈಗೆ ಬಂದರೆ ಬೇರು ಹಿಡಿದಿದೆ. ಒಂದೇ ಕಡೆ ನೋಡಿ ತೃಪ್ತರಾಗಬೇಡಿ. ಕಾಂಪೌಂಡಿನ ನೆರಳು ಬೀಳುವ ಕಡೆ, ಸಂಪಿನ ಮುಚ್ಚಳದ ಸುತ್ತ, ಗೇಟಿನ ಬಳಿ, ಹೀಗೆ ಐದಾರು ಜಾಗಗಳಲ್ಲಿ ಪರೀಕ್ಷಿಸಿ. ಮನೆ ಕಟ್ಟಿದಾಗ ಉಳಿದ ಸಿಮೆಂಟು, ಜಲ್ಲಿ ಹೂತಿರುವ ಜಾಗ ಎಂದೂ ಹಿಂದೆ ಬೀಳುತ್ತದೆ. ಎಲ್ಲಿ ಹಿಡಿದಿಲ್ಲವೋ ಅದೇ ಇಡೀ ಹುಲ್ಲುಹಾಸಿನ ದಿನಾಂಕವನ್ನು ನಿರ್ಧರಿಸುತ್ತದೆ.

ನಮ್ಮದು ಯಾವ ಹುಲ್ಲು, ಅದನ್ನು ಎಷ್ಟು ಎತ್ತರಕ್ಕೆ ಕತ್ತರಿಸಬೇಕು?

ಬರ್ಮುಡಾ ಎಂದು ಮಾರುವುದು ನಮ್ಮ ಗರಿಕೆಯ ಬಳಗವೇ. ಗಣಪತಿಗೆ ಏರಿಸುವ ಗರಿಕೆಯ ಹಾಗೆ ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಹರಡುತ್ತದೆ, ಪೂರ್ತಿ ಬಿಸಿಲು ಬೇಡುತ್ತದೆ, ಬೇಗ ಬೆಳೆಯುತ್ತದೆ. ನರ್ಸರಿಗಳಲ್ಲಿ ಸೆಲೆಕ್ಷನ್ ಒನ್ ಎಂಬ ಹೆಸರಿನಲ್ಲಿ ಸಿಗುವುದೂ ಇದೇ ಗುಂಪಿನದು. ಇದು ಐದು ಸೆಂಟಿಮೀಟರ್ ಬೆಳೆದಾಗ ಮೂರೂವರೆಗೆ ಇಳಿಸಬಹುದು. ಮುಂದೆ ಎರಡೂವರೆಯಿಂದ ನಾಲ್ಕು ಸೆಂಟಿಮೀಟರಿನ ನಡುವೆ ಉಳಿಸಿಕೊಳ್ಳುವುದು ವಾಡಿಕೆ.

ಮೆಕ್ಸಿಕನ್ ಎಂಬ ಹೆಸರಿನ ಹುಲ್ಲಿಗೂ ಮೆಕ್ಸಿಕೋಗೂ ಸಂಬಂಧವಿಲ್ಲ. ಅದು ಜೋಯ್ಸಿಯಾ ಕುಲದ ಹುಲ್ಲು, ಏಷ್ಯಾದ ಕಡೆಯದೇ. ಎಸಳು ಸಣ್ಣ, ಗಡುಸು. ದಟ್ಟವಾಗಿ ಬೆಳೆದು ಅಂಗಾಲಿಗೆ ಸ್ಪಂಜಿನ ಹಾಗೆ ತಾಗುತ್ತದೆ. ಆರು ಸೆಂಟಿಮೀಟರಿಗೆ ಬಂದಾಗ ನಾಲ್ಕಕ್ಕೆ ಇಳಿಸಿ. ನೆರಳಿನ ಜಾಗಕ್ಕೆಂದು ಹಾಕುವ ಅಗಲ ಎಸಳಿನ ಬಫಲೋ ಹುಲ್ಲನ್ನು ಇವೆರಡರಷ್ಟು ಗಿಡ್ಡ ಮಾಡಲೇಬಾರದು: ಒಂಬತ್ತು ಸೆಂಟಿಮೀಟರ್ ಆದಾಗ ಆರಕ್ಕೆ ಇಳಿಸಿದರೆ ಸಾಕು. ನೆರಳಿನಲ್ಲಿ ಬೆಳಕು ಕಡಿಮೆ, ಆದ್ದರಿಂದ ಬೆಳಕು ಹಿಡಿಯುವ ಎಸಳು ಉದ್ದ ಇರಬೇಕು.

ಎತ್ತರವನ್ನು ಕಣ್ಣಳತೆಯಲ್ಲಿ ಹೇಳಬೇಡಿ. ಶಾಲೆಯ ಮಕ್ಕಳ ಸ್ಕೇಲನ್ನು ಮಣ್ಣಿಗೆ ತಾಗುವಂತೆ ನೆಟ್ಟಗೆ ನಿಲ್ಲಿಸಿ ನಾಲ್ಕು ಕಡೆ ಅಳೆಯಿರಿ. ಸ್ಕೇಲಿನ ತುದಿಯಲ್ಲಿ ಸೊನ್ನೆಗೆ ಮುಂಚೆ ಖಾಲಿ ಇರುವ ಅಂಚನ್ನು ಲೆಕ್ಕಕ್ಕೆ ಹಿಡಿಯುವುದನ್ನು ಮರೆಯಬಾರದು.

ಒಂದೇ ಸಲ ಗಿಡ್ಡ ಮಾಡಿದರೆ ಮತ್ತೆ ಮತ್ತೆ ಕತ್ತರಿಸುವ ಕೆಲಸ ತಪ್ಪುತ್ತದಲ್ಲವೇ?

ತಪ್ಪುವುದಿಲ್ಲ, ಕೆಲಸ ಹೆಚ್ಚುತ್ತದೆ. ಹುಲ್ಲಿನ ಎತ್ತರದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಒಂದೇ ಸಲಕ್ಕೆ ತೆಗೆಯಬಾರದೆಂಬುದು ಹುಲ್ಲುಹಾಸು ನೋಡಿಕೊಳ್ಳುವವರೆಲ್ಲ ಪಾಲಿಸುವ ನಿಯಮ. ಹುಲ್ಲು ಊಟ ತಯಾರಿಸಿಕೊಳ್ಳುವುದು ಎಸಳಿನಲ್ಲಿ. ಅರ್ಧ ಎಸಳು ಒಮ್ಮೆಗೇ ಹೋದರೆ, ಗಿಡವು ಇರುವ ಸಂಗ್ರಹವನ್ನೆಲ್ಲ ಹೊಸ ಎಸಳು ಹೊರಡಿಸಲು ಖರ್ಚು ಮಾಡುತ್ತದೆ, ಅಷ್ಟು ದಿನ ಬೇರಿನ ಬೆಳವಣಿಗೆ ನಿಂತುಹೋಗುತ್ತದೆ. ಅಮೆರಿಕದ ಕೃಷಿ ಇಲಾಖೆ 1955ರಲ್ಲಿ ಪ್ರಕಟಿಸಿದ ಕ್ರೈಡರ್ ಅವರ ಪ್ರಯೋಗಗಳಲ್ಲಿ, ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಎಲೆ ತೆಗೆದ ಹುಲ್ಲುಗಳಲ್ಲಿ ಬೇರು ಬೆಳೆಯುವುದು ಕೆಲಕಾಲ ನಿಂತದ್ದು ಕಂಡುಬಂತು. ಹಳೆಯ ಹುಲ್ಲುಹಾಸು ಈ ಪೆಟ್ಟನ್ನು ತಡೆದುಕೊಳ್ಳುತ್ತದೆ. ಹೊಸದಕ್ಕೆ ಬೇರು ಬೆಳೆಸುವುದೇ ಆ ಹೊತ್ತಿನ ಮುಖ್ಯ ಕೆಲಸ. ಅದನ್ನೇ ನಿಲ್ಲಿಸಿದರೆ ಉಳಿಯುವುದು ಮಣ್ಣಿನ ಮೇಲೆ ಇಟ್ಟ ಒಂದು ಹಸಿರು ಹೊದಿಕೆ ಮಾತ್ರ.

ಇನ್ನೊಂದು ಕಾರಣವೂ ಇದೆ. ಗರಿಕೆಯ ಬಳಗ ಮತ್ತು ಮೆಕ್ಸಿಕನ್ ಹುಲ್ಲಿನಲ್ಲಿ ಹಸಿರು ಇರುವುದು ಮೇಲ್ಭಾಗದಲ್ಲಿ. ಕೆಳಗೆ ಕಂದು ಬಣ್ಣದ ಕಡ್ಡಿಗಳಿರುತ್ತವೆ. ಅಲಗು ಆ ಮಟ್ಟಕ್ಕೆ ಇಳಿದರೆ ಹುಲ್ಲುಹಾಸು ಒಂದೇ ದಿನದಲ್ಲಿ ಬೋಳಾಗಿ ಕಾಣುತ್ತದೆ, ಬಿಸಿಲು ನೇರವಾಗಿ ಮಣ್ಣಿಗೆ ಬಿದ್ದು ಕಳೆಯ ಬೀಜಗಳು ಮೊಳೆಯುತ್ತವೆ.

ಹಾಸಿದ ಮೇಲೆ ಒಂದು ತಿಂಗಳು ಊರಿಗೆ ಹೋಗಿದ್ದೆವು. ಬಂದು ನೋಡಿದರೆ ಹುಲ್ಲು ಹನ್ನೆರಡು ಸೆಂಟಿಮೀಟರ್ ಬೆಳೆದಿದೆ. ಈಗ ಏನು ಮಾಡುವುದು?

ಮೆಟ್ಟಿಲು ಇಳಿದ ಹಾಗೆ ಇಳಿಯಬೇಕು. ಮೊದಲ ದಿನ ಎಂಟಕ್ಕೆ, ನಾಲ್ಕೈದು ದಿನ ಬಿಟ್ಟು ಐದೂವರೆಗೆ, ಮತ್ತೆ ನಾಲ್ಕೈದು ದಿನ ಬಿಟ್ಟು ನಾಲ್ಕಕ್ಕೆ. ಹನ್ನೆರಡು ಸೆಂಟಿಮೀಟರ್ ಹುಲ್ಲನ್ನು ಮನೆಯ ಸಣ್ಣ ಯಂತ್ರ ಎಳೆಯುವುದಿಲ್ಲ, ಎಳೆದರೂ ಹುಲ್ಲು ಮಲಗಿಬಿಡುತ್ತದೆ. ಮೊದಲ ಸುತ್ತನ್ನು ಬೇಲಿ ಸವರುವ ಉದ್ದ ಕತ್ತರಿಯಿಂದ ಕೈಯಲ್ಲೇ ಮಾಡಿ. ಇನ್ನೂರು ಚದರ ಅಡಿಗೆ ಒಂದು ಬೆಳಿಗ್ಗೆ ಹಿಡಿದೀತು, ಸೊಂಟವೂ ಹಿಡಿದೀತು, ಆದರೆ ಹುಲ್ಲು ಉಳಿಯುತ್ತದೆ.

ಕತ್ತರಿಸುವ ಮುಂಚೆ ನೀರು ನಿಲ್ಲಿಸಬೇಕೇ?

ನಿಲ್ಲಿಸಬೇಕು. ಹಾಸಿದ ಮೊದಲ ವಾರ ದಿನಕ್ಕೆ ಎರಡು ಸಲ, ಚಾಪೆಯೂ ಅದರ ಕೆಳಗಿನ ಮಣ್ಣೂ ನೆನೆಯುವಂತೆ ನೀರು ಹಾಕಿರುತ್ತೀರಿ. ಎರಡನೆಯ ವಾರದಿಂದ ಸಲಗಳನ್ನು ಕಡಿಮೆ ಮಾಡುತ್ತ, ಹಾಕಿದ ದಿನ ಹೆಚ್ಚು ಹೊತ್ತು ಹಾಕಬೇಕು. ನೀರನ್ನು ಹುಡುಕಿಕೊಂಡು ಬೇರು ಕೆಳಗೆ ಇಳಿಯುವುದು ಆಗಲೇ. ಕತ್ತರಿಸುವ ಹಿಂದಿನ ದಿನ ನೀರು ಬೇಡ, ಜೇಡಿಮಣ್ಣಿನ ಜಾಗವಾದರೆ ಎರಡು ದಿನ ಬೇಡ. ಹಿಮ್ಮಡಿ ಊರಿ ನಿಂತು ಕಾಲೆತ್ತಿದಾಗ ಗುಂಡಿ ಬೀಳಬಾರದು. ಗುಂಡಿ ಬಿದ್ದರೆ ಯಂತ್ರದ ಗಾಲಿಯೂ ಅಲ್ಲಿ ಹೂತು ಜಾಡು ಮಾಡುತ್ತದೆ, ಒಣಗಿದ ಮೇಲೆ ಆ ಜಾಡು ಗಟ್ಟಿಯಾಗಿ ವರ್ಷಗಟ್ಟಲೆ ಉಳಿಯುತ್ತದೆ. ಒದ್ದೆ ಎಸಳು ಕತ್ತರಿಸುವ ಬದಲು ಹರಿಯುತ್ತದೆ, ಹರಿದ ಗಾಯದಿಂದ ಶಿಲೀಂಧ್ರ ರೋಗಕ್ಕೆ ದಾರಿಯಾಗುತ್ತದೆ.

ಯಾವ ಯಂತ್ರ ಒಳ್ಳೆಯದು? ಮಾಲಿಯ ಬಳಿ ಬ್ರಷ್ ಕಟರ್ ಇದೆ, ಅದು ಸಾಲದೇ?

ಮೊದಲ ಎರಡು ಮೂರು ಸಲಕ್ಕೆ ಬ್ರಷ್ ಕಟರ್ ಬೇಡವೇ ಬೇಡ. ಇದನ್ನು ಇಷ್ಟು ಖಂಡಿತವಾಗಿ ಬರೆಯಲು ನಮ್ಮದೇ ಅನುಭವ ಕಾರಣ. ಕೆಲವು ವರ್ಷಗಳ ಹಿಂದೆ ಮನೆಯ ಮುಂದೆ ಹಾಸಿದ ಮೆಕ್ಸಿಕನ್ ಹುಲ್ಲಿಗೆ ಹದಿನೆಂಟನೆಯ ದಿನವೇ ಬ್ರಷ್ ಕಟರ್ ಹಿಡಿಸಿದೆವು. ನೈಲಾನ್ ದಾರ ಎರಡು ಚಾಪೆಗಳ ನಡುವಿನ ಸಂದಿಗೆ ಸಿಕ್ಕಿದ್ದೇ ತಡ, ಅಂಚನ್ನು ಎತ್ತಿ ಒಗೆಯಿತು. ಮಾಲಿ ಯಂತ್ರ ನಿಲ್ಲಿಸುವಷ್ಟರಲ್ಲಿ ಅಂಗೈ ಅಗಲದ ಮೂರು ತುಂಡುಗಳು ಗೋಡೆಗೆ ಬಡಿದು ಬಿದ್ದಿದ್ದವು. ತಪ್ಪು ಅವನದಾಗಿರಲಿಲ್ಲ, ಅವಸರ ನಮ್ಮದಾಗಿತ್ತು. ಬೇರು ಹಿಡಿದ ಮೇಲೂ ಬ್ರಷ್ ಕಟರಿನಿಂದ ಒಂದೇ ಮಟ್ಟಕ್ಕೆ ಕತ್ತರಿಸುವುದು ಕಷ್ಟ, ಏಕೆಂದರೆ ಎತ್ತರವನ್ನು ನಿರ್ಧರಿಸುವುದು ಹಿಡಿದವನ ತೋಳು.

ಚಿಕ್ಕ ಜಾಗಕ್ಕೆ ಕೈಯಿಂದ ತಳ್ಳುವ ಸಿಲಿಂಡರ್ ಯಂತ್ರ ನಮ್ಮ ಮೊದಲ ಆಯ್ಕೆ. ಸುರುಳಿಯ ಅಲಗುಗಳು ಕೆಳಗಿನ ಪಟ್ಟಿಗೆ ತಾಗಿ ಕತ್ತರಿಯ ಹಾಗೆಯೇ ಕತ್ತರಿಸುತ್ತವೆ, ಯಂತ್ರ ಹಗುರ, ವಿದ್ಯುತ್ತಾಗಲಿ ಪೆಟ್ರೋಲಾಗಲಿ ಬೇಡ. ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಹಕ್ಕುಪತ್ರ ಪಡೆದ ಮೊದಲ ಹುಲ್ಲುಯಂತ್ರವೂ ಈ ಬಗೆಯದೇ. ಬಟ್ಟೆ ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಮೇಲಿನ ಜುಂಗನ್ನು ಸವರುವ ಯಂತ್ರ ಅವನಿಗೆ ಈ ಉಪಾಯ ಹೊಳೆಯಿಸಿತು. ಇದರ ಕೊರತೆ ಎಂದರೆ ಹೆಚ್ಚು ಎತ್ತರಕ್ಕೆ ಏರಿಸಲು ಬರುವುದಿಲ್ಲ, ಹಾಗಾಗಿ ಬಫಲೋ ಹುಲ್ಲಿಗೆ ಒದಗದು. ಅದಕ್ಕೆ ಅಡ್ಡ ಅಲಗು ತಿರುಗುವ ರೋಟರಿ ಯಂತ್ರ ಬೇಕು. ರೋಟರಿಯಲ್ಲಿ ಭಾರವಾದ ಪೆಟ್ರೋಲ್ ಮಾದರಿಗಿಂತ ಹಗುರವಾದ ವಿದ್ಯುತ್ ಮಾದರಿ ಹೊಸ ಹುಲ್ಲಿಗೆ ಹಿತ. ತಂತಿ ಎಳೆದು ನಡೆಸುವ ಯಂತ್ರವಾದರೆ ಒದ್ದೆ ಹುಲ್ಲಿನ ಮೇಲೆ ಯಾವ ಕಾರಣಕ್ಕೂ ಓಡಿಸಬೇಡಿ, ತಂತಿಯನ್ನು ಸದಾ ಹೆಗಲ ಹಿಂದೆ ಇಟ್ಟುಕೊಳ್ಳಿ.

ಯಂತ್ರದ ಅಲಗು ಸರಿ ಇದೆಯೇ ಎಂದು ಮನೆಯಲ್ಲೇ ನೋಡಬಹುದೇ?

ಸಿಲಿಂಡರ್ ಯಂತ್ರದ ಅಲಗಿನ ನಡುವೆ ದಿನಪತ್ರಿಕೆಯ ಒಂದು ಪಟ್ಟಿಯನ್ನು ಇಟ್ಟು, ಬೆರಳು ದೂರ ಇರಿಸಿ, ಸುರುಳಿಯನ್ನು ನಿಧಾನವಾಗಿ ತಿರುಗಿಸಿ. ಕಾಗದ ಚಕ್ಕನೆ ಕತ್ತರಿಸಿದರೆ ಸರಿ; ಮಡಚಿಕೊಂಡರೆ ಅಥವಾ ಹರಿದರೆ ಸಾಣೆ ಹಿಡಿಸಬೇಕು. ರೋಟರಿಯ ಎತ್ತರದ ಸಂಖ್ಯೆಗಳನ್ನು ಹಾಗೆಯೇ ನಂಬಬೇಡಿ. ಪ್ಲಗ್ ಕಿತ್ತು, ಯಂತ್ರವನ್ನು ಸಮತಟ್ಟಾದ ಸಿಮೆಂಟು ನೆಲದ ಮೇಲಿಟ್ಟು, ಅಲಗಿನಿಂದ ನೆಲದವರೆಗಿನ ಅಂತರವನ್ನು ಅಳೆದುಕೊಂಡರೆ ನಿಜವಾದ ಎತ್ತರ ತಿಳಿಯುತ್ತದೆ. ಮೆಕ್ಸಿಕನ್ ಹುಲ್ಲು ಗಡುಸಾದ್ದರಿಂದ ಅಲಗನ್ನು ಬೇಗ ಮೊಂಡು ಮಾಡುತ್ತದೆ.

ಕತ್ತರಿಸುವ ದಿನ ಯಾವ ಹೊತ್ತಿನಲ್ಲಿ, ಯಾವ ಕ್ರಮದಲ್ಲಿ ಮಾಡಬೇಕು?

ಇಬ್ಬನಿ ಆರಿದ ಮೇಲೆ, ಅಂದರೆ ಬೆಳಿಗ್ಗೆ ಒಂಬತ್ತರ ನಂತರ, ಇಲ್ಲವೇ ಬಿಸಿಲು ಇಳಿದ ಸಂಜೆ. ನಡುಮಧ್ಯಾಹ್ನ ಬೇಡ. ಮೊದಲು ಹುಲ್ಲಿನ ಮೇಲೆ ಬರಿಗಾಲಿನಲ್ಲಿ ನಿಧಾನವಾಗಿ ಒಂದು ಸುತ್ತು ನಡೆಯಿರಿ. ಕಣ್ಣಿಗೆ ಕಾಣದ ಜಲ್ಲಿ, ತೆಂಗಿನ ಗರಿಯ ಕಡ್ಡಿ, ಎದ್ದ ಚಾಪೆಯ ಅಂಚು ಎಲ್ಲವೂ ಕಾಲಿಗೆ ತಿಳಿಯುತ್ತವೆ. ಮೊಳೆ, ತಂತಿ ಬಿದ್ದಿರಬಹುದಾದ ಹೊಸ ಮನೆಯಾದರೆ ಮಾತ್ರ ಚಪ್ಪಲಿ ಹಾಕಿಕೊಂಡು ಕಣ್ಣಿನಿಂದಲೇ ಹುಡುಕುವುದು ಕ್ಷೇಮ.

ಯಂತ್ರವನ್ನು ಅದರ ಅತಿ ಎತ್ತರದ ಮಟ್ಟಕ್ಕೆ ಇಟ್ಟು ಒಂದು ಮೂಲೆಯಲ್ಲಿ ಎರಡು ಅಡಿ ಕತ್ತರಿಸಿ ನೋಡಿ, ಆಮೇಲೆ ಬೇಕಾದರೆ ಒಂದು ಹಂತ ಇಳಿಸಿ. ನೇರವಾಗಿ ಹೋಗಿ ನೇರವಾಗಿ ಬನ್ನಿ. ಹುಲ್ಲುಹಾಸಿನ ತುದಿಯಲ್ಲಿ ಯಂತ್ರವನ್ನು ನಿಂತಲ್ಲೇ ತಿರುಚಬಾರದು, ಹೊಸ ಬೇರು ಹರಿಯುವುದು ಹೆಚ್ಚಾಗಿ ಆ ತಿರುವಿನಲ್ಲೇ. ಕಾಲುದಾರಿಯ ಕಲ್ಲಿನ ಮೇಲೆ ತಂದು ತಿರುಗಿಸಿ, ಅಥವಾ ಹಿಂಭಾಗವನ್ನು ಎತ್ತಿ ತಿರುಗಿಸಿ. ಪೆಟ್ರೋಲ್ ತುಂಬುವುದು ಹುಲ್ಲಿನಿಂದ ಹೊರಗೆ, ಏಕೆಂದರೆ ಚೆಲ್ಲಿದ ಜಾಗದಲ್ಲಿ ಹುಲ್ಲು ಸಾಯುತ್ತದೆ. ಗೋಡೆಯ ಬುಡ, ಹೂವಿನ ಪಾತಿಯ ಅಂಚುಗಳನ್ನು ಈ ಸಲ ಕತ್ತರಿಯಿಂದ ಸವರಿದರೆ ಸಾಕು.

ಕತ್ತರಿಸಿದ ಹುಲ್ಲನ್ನು ಅಲ್ಲಿಯೇ ಬಿಡಬಹುದೇ?

ಮೊದಲ ಸಲ ಬೇಡ, ಗುಡಿಸದೆ ಹಗುರವಾದ ಕುಂಟೆಯಿಂದಲೋ ಕೈಯಿಂದಲೋ ಆಯ್ದು ತೆಗೆಯಿರಿ. ಮುಂದೆ ವಾರಕ್ಕೊಮ್ಮೆ ತಪ್ಪದೆ ಕತ್ತರಿಸುವಾಗ ಬೀಳುವ ಚಿಕ್ಕ ತುಣುಕುಗಳು ಅಲ್ಲೇ ಕೊಳೆತು ಸಾರಜನಕವನ್ನು ಮಣ್ಣಿಗೆ ಮರಳಿಸುತ್ತವೆ. ತೆಗೆದದ್ದನ್ನು ಒಣ ಎಲೆಯ ಜೊತೆ ಬೆರೆಸಿ ಗೊಬ್ಬರದ ಗುಂಡಿಗೆ ಹಾಕಿ; ಹಸಿ ಹುಲ್ಲನ್ನೇ ರಾಶಿ ಹಾಕಿದರೆ ಲೋಳೆಯಾಗಿ ನಾರುತ್ತದೆ. ನೆರೆಮನೆಯ ಹಸುವಿಗೆ ಕೊಡುವ ಮನಸ್ಸಾದರೆ ನರ್ಸರಿಯಲ್ಲಾಗಲಿ ಮನೆಯಲ್ಲಾಗಲಿ ಔಷಧಿ ಸಿಂಪಡಿಸಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕೊಡಿ.

ಕತ್ತರಿಸಿದ ಮರುದಿನ ಹುಲ್ಲಿನ ತುದಿ ಬೆಳ್ಳಗಾಗಿದೆ. ರೋಗವೇ?

ಬಹುಮಟ್ಟಿಗೆ ಮೊಂಡು ಅಲಗಿನ ಫಲ. ಒಂದು ಎಸಳನ್ನು ಕಿತ್ತು ಬೆಳಕಿಗೆ ಹಿಡಿದರೆ ತುದಿ ನಾರುನಾರಾಗಿ ಹರಿದಿರುವುದು ಕಾಣುತ್ತದೆ. ತುದಿ ನೇರವಾಗಿ ಕತ್ತರಿಸಿದ್ದು, ಆದರೂ ಕಂದು ಬಣ್ಣ ಇಡೀ ಜಾಗದಲ್ಲಿ ಹರಡಿದ್ದರೆ ತೀರ ಗಿಡ್ಡ ಕತ್ತರಿಸಿದ್ದೀರಿ. ನೀರು ಕೊಟ್ಟು ಎರಡು ವಾರ ಯಂತ್ರ ಮುಟ್ಟದಿದ್ದರೆ ಚಿಗುರುತ್ತದೆ. ದುಂಡಗಿನ ಮಚ್ಚೆಗಳಾಗಿ ದಿನದಿನಕ್ಕೆ ದೊಡ್ಡದಾಗುತ್ತಿದ್ದರೆ ಮಾತ್ರ ಶಿಲೀಂಧ್ರವೆಂದು ಅನುಮಾನಿಸಿ, ಸಂಜೆ ನೀರು ಹಾಕುವುದನ್ನು ಬಿಟ್ಟು ಬೆಳಿಗ್ಗೆ ಹಾಕಿ.

ಮೊದಲ ಕತ್ತರಿಯ ನಂತರ ಗೊಬ್ಬರ ಕೊಡಬಹುದೇ?

ಕೂಡಲೇ ಬೇಡ, ಎರಡನೆಯ ಕತ್ತರಿ ಮುಗಿಯಲಿ. ಆಮೇಲೆ ಚದರ ಮೀಟರಿಗೆ ಹತ್ತು ಗ್ರಾಂ ಯೂರಿಯಾ ಸಾಕು. ಯೂರಿಯಾದಲ್ಲಿ ಶೇಕಡಾ 46 ಸಾರಜನಕ ಇರುವುದರಿಂದ ಅಷ್ಟರಲ್ಲಿ ನಾಲ್ಕೂವರೆ ಗ್ರಾಂನಷ್ಟು ಸಾರಜನಕ ಸಿಗುತ್ತದೆ. ಇನ್ನೂರು ಚದರ ಅಡಿಗೆ ಒಟ್ಟು ಸುಮಾರು 185 ಗ್ರಾಂ. ಇದನ್ನು ಎರಡು ಮೂರು ಪಾಲು ಒಣ ಮರಳಿನೊಂದಿಗೆ ಬೆರೆಸಿ, ಎಸಳು ಒಣಗಿರುವಾಗ ಸಮನಾಗಿ ಎರಚಿ, ಕೂಡಲೇ ನೀರು ಹಾಯಿಸಬೇಕು. ಮುಷ್ಟಿಯಿಂದ ಜಾರಿ ಒಂದೇ ಕಡೆ ಬಿದ್ದರೆ ಅಲ್ಲಿ ಹುಲ್ಲು ಸುಟ್ಟು ಬೆರಳಚ್ಚಿನಂಥ ಗುರುತು ಉಳಿಯುತ್ತದೆ. ಯೂರಿಯಾ ಬೇಡವೆನ್ನುವವರು ಜರಡಿ ಹಿಡಿದ ಎರೆಗೊಬ್ಬರವನ್ನು ಎಸಳು ಮುಚ್ಚದಷ್ಟು ತೆಳುವಾಗಿ ಉದುರಿಸಬಹುದು. ಚಾಪೆಗಳ ನಡುವಿನ ಸಂದಿಗೆ ಕೆಂಪುಮಣ್ಣು, ಮರಳು ಬೆರೆಸಿ ತುಂಬಲೂ ಕತ್ತರಿಸಿದ ಮರುದಿನವೇ ಒಳ್ಳೆಯ ಹೊತ್ತು, ಆಗ ಸಂದಿಗಳು ಚೆನ್ನಾಗಿ ಕಾಣುತ್ತವೆ.

ಸಂದಿಗಳಲ್ಲಿ ಕಳೆ ಬಂದಿದೆ. ಯಂತ್ರ ಓಡಿಸಿದರೆ ಹೋಗುವುದಿಲ್ಲವೇ?

ನೆಟ್ಟಗೆ ಬೆಳೆಯುವ ಕಳೆಗಳು ನಾಲ್ಕಾರು ಸಲ ಕತ್ತರಿಸಿದ ಮೇಲೆ ಸೊರಗುತ್ತವೆ. ತುಂಗೆ, ಹುಳಿಸೊಪ್ಪು, ಮುಟ್ಟಿದರೆ ಮುನಿ ಜಗ್ಗುವುದಿಲ್ಲ. ತುಂಗೆಯನ್ನು ಎಳೆದರೆ ಎಲೆ ಮಾತ್ರ ಬಂದು ಗೆಡ್ಡೆ ಒಳಗೇ ಉಳಿಯುತ್ತದೆ, ಆದ್ದರಿಂದ ಹಳೆಯ ಸ್ಕ್ರೂಡ್ರೈವರಿನಿಂದ ಮಣ್ಣು ಸಡಿಲಿಸಿ ಗೆಡ್ಡೆಸಹಿತ ತೆಗೆಯಬೇಕು. ಹೊಸ ಹುಲ್ಲಿಗೆ ಕಳೆನಾಶಕ ಸಿಂಪಡಿಸುವ ಯೋಚನೆ ಬೇಡ.

ಮಳೆಗಾಲದಲ್ಲಿ, ಬೇಸಿಗೆಯಲ್ಲಿ ಹಾಸಿದವರು ಬೇರೆ ಏನನ್ನು ಗಮನಿಸಬೇಕು?

ಮಂಗಳೂರು, ಉಡುಪಿಯ ಕಡೆ ಜೂನ್, ಜುಲೈ ತಿಂಗಳಲ್ಲಿ ಹಾಸಿದರೆ ಹುಲ್ಲು ಬೆಳೆಯುತ್ತಲೇ ಇರುತ್ತದೆ, ಮಣ್ಣು ಆರುವುದೇ ಇಲ್ಲ. ಎರಡು ದಿನ ಮಳೆ ಬಿಡುವು ಕೊಟ್ಟಾಗ ಕತ್ತರಿಯಿಂದ ತುದಿ ಸವರಿ ದಿನ ದೂಡಬೇಕು, ಯಂತ್ರಕ್ಕೆ ಬಿಸಿಲು ಬರುವವರೆಗೆ ಕಾಯಬೇಕು. ಅಲ್ಲಿಯವರು ಸೆಪ್ಟೆಂಬರ್ ಕೊನೆಯಲ್ಲಿ ಹಾಸುವುದು ಜಾಣತನ. ಒಳನಾಡಿನಲ್ಲಿ ಜೂನ್ ಮೊದಲ ಮಳೆಯ ನಂತರ ಹಾಸಿದರೆ ತೊಂದರೆ ಕಡಿಮೆ. ಕಲಬುರಗಿ, ರಾಯಚೂರಿನ ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ಹಾಸಿದ್ದರೆ, ಕತ್ತರಿಸುವ ಎತ್ತರವನ್ನು ಮೇಲೆ ಹೇಳಿದ್ದಕ್ಕಿಂತ ಒಂದು ಸೆಂಟಿಮೀಟರ್ ಹೆಚ್ಚಿಸಿ, ಎಸಳಿನ ನೆರಳು ಮಣ್ಣನ್ನು ಕಾಯುತ್ತದೆ.

ಬೇಸಿಗೆಯಲ್ಲಿ ಹಾಸುವ ಮೊದಲು ನೀರಿನ ಲೆಕ್ಕ ಹಾಕಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ, ವಾಹನ ತೊಳೆಯಲು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಹುಲ್ಲು ಹಾಸಿದ ಎರಡನೆಯ ವಾರದಲ್ಲಿ ಅಂಥ ಆದೇಶ ಬಂದರೆ ಮೊದಲ ಕತ್ತರಿಯ ಪ್ರಶ್ನೆಯೇ ಏಳುವುದಿಲ್ಲ.

ನಾವು ಚಾಪೆ ಹಾಸಿಲ್ಲ, ಗರಿಕೆಯ ಬಳ್ಳಿ ನೆಟ್ಟಿದ್ದೇವೆ. ಇದೇ ಲೆಕ್ಕ ಅನ್ವಯಿಸುತ್ತದೆಯೇ?

ಇಲ್ಲ. ಬಳ್ಳಿಗಳು ಒಂದಕ್ಕೊಂದು ತಾಗಿ ಮಣ್ಣು ಬಹುಪಾಲು ಮುಚ್ಚುವವರೆಗೆ, ಅಂದರೆ ಸಾಮಾನ್ಯವಾಗಿ ಆರರಿಂದ ಎಂಟು ವಾರ, ಕಾಯಬೇಕು. ಮೊದಲ ಸಲ ಕತ್ತರಿಯಲ್ಲೇ ತುದಿ ಸವರಿ; ತುದಿ ಹೋದಾಗ ಬಳ್ಳಿ ಮೇಲಕ್ಕೇಳುವ ಬದಲು ಪಕ್ಕಕ್ಕೆ ಕವಲೊಡೆಯುತ್ತದೆ.

ನಾವು ಇಂಗ್ಲೆಂಡಿನಲ್ಲಿದ್ದೇವೆ. ಇಲ್ಲಿಯೂ ಇದೇ ಎತ್ತರ ಸರಿಯೇ?

ಅಲ್ಲಿಯ ಹುಲ್ಲು ರೈ, ಫೆಸ್ಕ್ಯೂ ಮುಂತಾದ ಚಳಿನಾಡಿನ ಜಾತಿಗಳು. ಅವು ವಸಂತ ಮತ್ತು ಶರತ್ಕಾಲದಲ್ಲಿ ಬೆಳೆಯುತ್ತವೆ, ಚಳಿಗಾಲದಲ್ಲಿ ಬಹುಪಾಲು ನಿಲ್ಲುತ್ತವೆ. ಮೂಲೆ ಎಳೆದು ನೋಡುವ ಪರೀಕ್ಷೆಯೂ ಮೂರನೇ ಒಂದು ಭಾಗದ ನಿಯಮವೂ ಅಲ್ಲಿಗೂ ಸಲ್ಲುತ್ತವೆ. ಎತ್ತರಕ್ಕೆ ನಿಮ್ಮ ಚಾಪೆ ಬೆಳೆಸಿದವರ ಮಾತನ್ನೇ ಕೇಳಿ. ನೆಲ ಹೆಪ್ಪುಗಟ್ಟಿರುವಾಗ ಅದರ ಮೇಲೆ ನಡೆಯುವುದೂ ಬೇಡ.

ಎರಡನೆಯ ಕತ್ತರಿ ಯಾವಾಗ? ಮಕ್ಕಳನ್ನು ಆಡಲು ಎಂದು ಬಿಡಬಹುದು?

ಮೊದಲ ಕತ್ತರಿ ಮುಗಿದ ಸಂಜೆ ಅಥವಾ ಮರುದಿನ ಬೆಳಿಗ್ಗೆ ಚೆನ್ನಾಗಿ ನೀರು ಕೊಡಿ. ಮಳೆಗಾಲದ ಬರ್ಮುಡಾಗೆ ವಾರದೊಳಗೆ, ಮೆಕ್ಸಿಕನ್ ಹುಲ್ಲಿಗೆ ಹತ್ತು ಹದಿನೈದು ದಿನಕ್ಕೆ ಎರಡನೆಯ ಕತ್ತರಿ ಬರುತ್ತದೆ. ಆಗಲೂ ಸ್ಕೇಲಿನ ಅಳತೆಯೇ ನಿರ್ಧರಿಸಲಿ. ಈ ಸಲ ಮೊದಲಿನ ದಿಕ್ಕಿಗೆ ಅಡ್ಡವಾಗಿ ಓಡಿಸಿ, ಒಂದೇ ಕಡೆಗೆ ಓಡಿಸುತ್ತಿದ್ದರೆ ಹುಲ್ಲು ಆ ಕಡೆಗೇ ಒರಗುತ್ತದೆ. ಕುರ್ಚಿ ಹಾಕಿ ಕೂರುವುದು, ಮಕ್ಕಳು ಮೆಲ್ಲಗೆ ಓಡಾಡುವುದು ಎರಡನೆಯ ಕತ್ತರಿಯ ನಂತರ ಆಗಬಹುದು. ಕ್ರಿಕೆಟ್ಟಿಗೆ ಮೂರು ನಾಲ್ಕು ಸಲ ಕತ್ತರಿಸಿ ಆಗಲಿ, ಆಗಲೂ ಸ್ಟಂಪನ್ನು ಚಾಪೆಗಳ ಸಂದಿಯಲ್ಲಿ ನೆಡಬಾರದೆಂದು ಮೊದಲೇ ಹೇಳಿಟ್ಟಿರಿ.